ತೋಳದ ಹೆಸರಿನ ಬೆಟ್ಟದೂರು: ವ್ಲ್ಕೊಲೀನೆಟ್ಸ್ ಯಾಕೆ ಹಾಗಿದೆ?

ಭೀಮನಿಗೆ ವೃಕೋದರ ಅಂತ ಇನ್ನೊಂದು ಹೆಸರಿದೆ. ವೃಕ ಅಂದರೆ ತೋಳ. ತೋಳದ ಹೊಟ್ಟೆಯವನು, ಎಷ್ಟು ಬಡಿಸಿದರೂ ಸಾಲದವನು. ಇದೇ ತೋಳಕ್ಕೆ ಸ್ಲೋವಾಕ್ ಭಾಷೆಯಲ್ಲಿ ‘ವ್ಲ್ಕ್’ ಅನ್ನುತ್ತಾರೆ. ವೃಕ, ವ್ಲ್ಕ್ ಎರಡೂ ಒಂದೇ ಬೇರಿನ ಮಾತುಗಳು, ದೂರದ ದಾಯಾದಿಗಳು. ‘ವ್ಲ್ಕ್’ನಲ್ಲಿ ಸ್ವರವೇ ಇಲ್ಲ ನೋಡಿ. ನಡುವಿನ ‘ಲ್’ ಸದ್ದೇ ಸ್ವರದ ಕೆಲಸ ಮಾಡುತ್ತದೆ. ನಮ್ಮ ಹಳೆಯ ವರ್ಣಮಾಲೆಯಲ್ಲಿ ‘ಋ’ ಆದ ಮೇಲೆ ‘ಌ’ ಅಂತ ಒಂದು ಅಕ್ಷರ ಇತ್ತಲ್ವಾ, ಎಲ್ಲರೂ ಮರೆತುಬಿಟ್ಟದ್ದು? ಅದು ಇಂಥ ಉಚ್ಚಾರಕ್ಕೇ ಇದ್ದದ್ದು.

ಈ ತೋಳದಿಂದ ಹೆಸರು ಬಂದ ಊರು ವ್ಲ್ಕೊಲೀನೆಟ್ಸ್. ಸ್ಲೊವಾಕಿಯಾದ ನಡುಭಾಗದ ಬೆಟ್ಟದ ಇಳಿಜಾರಿನಲ್ಲಿದೆ. ನೀವು ಇದರ ಫೋಟೊ ನೋಡಿರಬಹುದು: ದಿಮ್ಮಿ ಮರದ ಪುಟ್ಟ ಮನೆಗಳು, ಬಿಳಿ ನೀಲಿ ಬಳಿದ ಗೋಡೆ, ಬೂದಿ ಬಣ್ಣದ ಮರದ ಚಾವಣಿ, ಹಿಂದೆ ಎದ್ದು ನಿಂತ ಬೆಟ್ಟ. ಥೇಟ್ ಕ್ಯಾಲೆಂಡರ್ ಚಿತ್ರ. ಆದರೆ ಅಂದಕ್ಕೆಂದು ಮಾಡಿದ್ದು ಆ ಚಿತ್ರದಲ್ಲಿ ಬಹಳ ಕಡಿಮೆ. ಚಳಿ, ಇಳಿಜಾರು, ಅಣ್ಣತಮ್ಮಂದಿರ ಪಾಲು, ಬಿಟ್ಟಿ ದುಡಿಮೆ, ಬೆಂಕಿ: ಊರಿನ ಆಕಾರವನ್ನು ತಿದ್ದಿದ್ದು ಇವೇ. ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಊರು ಎಲ್ಲಿದೆ ಅನ್ನುವುದು. ಸ್ಲೊವಾಕಿಯಾ ಚಿಕ್ಕ ದೇಶ. ಸುಮಾರು 49,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗ. ಜನ ಸುಮಾರು 54 ಲಕ್ಷ, ಬೆಂಗಳೂರಿಗಿಂತ ಕಡಿಮೆ. ಸಮುದ್ರ ಇಲ್ಲ. ದೇಶದ ಬಹುಭಾಗವನ್ನು ಕಾರ್ಪೇಥಿಯನ್ ಬೆಟ್ಟಗಳೇ ಹಿಡಿದುಕೊಂಡಿವೆ. ಈ ಬೆಟ್ಟಗಳ ನಡುವೆ ವಾಹ್ ಎಂಬ ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಅದರ ಕಣಿವೆಯ ಒಂದು ಸೀಮೆಗೆ ಲಿಪ್ತೊವ್ ಅಂತ ಹೆಸರು. ಅಲ್ಲಿನ ಒಂದು ಪೇಟೆ ರುಜೊಂಬೆರೊಕ್. ಪೇಟೆಯಿಂದ ದಕ್ಷಿಣಕ್ಕೆ ಒಂದು ಉಪನದಿಯ ಕಣಿವೆ ಹಿಡಿದು ಹೋಗಿ, ಬಿಯೆಲಿ ಪೊತೊಕ್ ಎಂಬಲ್ಲಿ ಪಕ್ಕಕ್ಕೆ ತಿರುಗಿ ಮೇಲೆ ಹತ್ತಿದರೆ ವ್ಲ್ಕೊಲೀನೆಟ್ಸ್ ಸಿಗುತ್ತದೆ. ವೆಲ್ಕಾ ಫಾತ್ರಾ ಎಂಬ ಬೆಟ್ಟಸಾಲಿನ ಅಂಚು ಅದು. ಊರ ನೆತ್ತಿಯ ಮೇಲೆ ಸಿದೊರೊವೊ ಬೆಟ್ಟ. ಆಡಳಿತದ ಲೆಕ್ಕದಲ್ಲಿ ಇದು ಈಗ ಬೇರೆ ಊರೇ ಅಲ್ಲ, ರುಜೊಂಬೆರೊಕ್ ಪೇಟೆಯದೇ ಒಂದು ಭಾಗ.

ಎತ್ತರ ಎಷ್ಟು ಗೊತ್ತಾ? 718 ಮೀಟರ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ! ಸಿದೊರೊವೊ ಬೆಟ್ಟದ ತುದಿಯೇ 1,099 ಮೀಟರ್. ನಮ್ಮ ನಂದಿಬೆಟ್ಟ ಅದಕ್ಕಿಂತ ಹೆಚ್ಚುಕಡಿಮೆ 380 ಮೀಟರ್ ಮೇಲಿದೆ. ಹಾಗಾದರೆ ಇದನ್ನು ಬೆಟ್ಟದೂರು ಅಂತ ಯಾಕೆ ಅನ್ನಬೇಕು?

ಉತ್ತರ ಅಕ್ಷಾಂಶದಲ್ಲಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ, ಈ ಊರು 49 ಡಿಗ್ರಿಯಲ್ಲಿ. ಡಿಸೆಂಬರ್ ಕೊನೆಯ ಮಟಮಟ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲಿರುತ್ತಾನೆ. ಅಲ್ಲಿ ಬರೀ 17 ಡಿಗ್ರಿ ಚಿಲ್ಲರೆ. ನಮ್ಮಲ್ಲಿ ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ಬಿಸಿಲು ಬೀಳುವಷ್ಟು ಓರೆಯಾಗಿ ಅಲ್ಲಿ ನಡುಮಧ್ಯಾಹ್ನ ಬೀಳುತ್ತದೆ. ಹಗಲು ಎಂಟು ಗಂಟೆಗಿಂತ ಚೂರು ಹೆಚ್ಚು, ಅಷ್ಟೆ. ಇಂಥ ಕಡೆ ಎದುರಿಗೊಂದು ಗುಡ್ಡ ಇದ್ದರೂ ಸಾಕು, ಇಡೀ ಚಳಿಗಾಲ ನಿಮ್ಮ ಅಂಗಳಕ್ಕೆ ಬಿಸಿಲು ಸೋಕದೆ ಹೋಗಬಹುದು. ಅದಕ್ಕೇ ಆ ಕಡೆಯ ಬೆಟ್ಟದವರಿಗೆ ಬಿಸಿಲಿನ ಮಗ್ಗುಲು, ನೆರಳಿನ ಮಗ್ಗುಲು ಅನ್ನುವುದು ಹೊಲದ ಬೆಲೆಯನ್ನೇ ಬದಲಿಸುವ ವಿಚಾರ. ಮೀಟರ್ ಲೆಕ್ಕ ನೋಡಿ ಮೋಸ ಹೋಗಬಾರದು. 49ನೇ ಡಿಗ್ರಿಯಲ್ಲಿ 700 ಮೀಟರ್ ಅಂದರೆ ಗಟ್ಟಿ ಬೆಟ್ಟವೇ.

ಇಲ್ಲಿಂದ ಮುಂದಿನದೆಲ್ಲ ತಾನಾಗಿ ಬರುತ್ತದೆ. ಬೇಸಿಗೆ ಮೋಟು, ಗೋಧಿ ನೆಚ್ಚಿಕೊಳ್ಳುವ ಹಾಗಿಲ್ಲ. ಓಟ್ಸ್, ಬಾರ್ಲಿ, ಎಲೆಕೋಸು, ಬಟ್ಟೆಗೆ ಅಗಸೆನಾರು. ಆಲೂಗಡ್ಡೆ ಬಂದದ್ದು 18ನೇ ಶತಮಾನದಲ್ಲಿ. ಇವತ್ತು ಸ್ಲೊವಾಕಿಯಾದ ರಾಷ್ಟ್ರೀಯ ತಿನಿಸು ಅಂತ ಹೆಮ್ಮೆಯಿಂದ ಬಡಿಸುವ ಹಾಲುಶ್ಕಿ ಇದೆಯಲ್ಲ, ಅದು ತುರಿದ ಆಲೂಗಡ್ಡೆ ಹಿಟ್ಟಿನ ಪುಟ್ಟ ಕಡುಬು. ಮೇಲೆ ಬ್ರಿಂಜಾ ಎಂಬ ಉಪ್ಪುಪ್ಪಾದ ಕುರಿ ಹಾಲಿನ ಗಿಣ್ಣ, ಅಂದರೆ ಚೀಸ್. ‘ಅನಾದಿ ಕಾಲದ ಅಡುಗೆ’ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ನಮ್ಮ ಸಾರಿನ ಮೆಣಸಿನಕಾಯಿಯ ಹಾಗೆ ಅವರ ಆಲೂಗಡ್ಡೆಯೂ ಅಮೆರಿಕದಿಂದ ಬಂದದ್ದೇ.

ನಿಜವಾದ ಬೆಳೆ ಯಾವುದು ಅಂತ ಕೇಳಿದರೆ ನಾನು ಹುಲ್ಲು ಅನ್ನುತ್ತೇನೆ. ಹಿಮ ಬಿದ್ದ ಮೇಲೆ ದನಕರು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ. ಅಷ್ಟೂ ದಿನಕ್ಕೆ ಬೇಕಾದ ಹುಲ್ಲನ್ನು ಬೇಸಿಗೆಯಲ್ಲೇ ಕೊಯ್ದು, ಒಣಗಿಸಿ, ಹೊತ್ತು ತಂದು ತುಂಬಿಕೊಳ್ಳಬೇಕು. ನಿಂತರೆ ಕಾಲು ಜಾರುವ ಇಳಿಜಾರಿನಲ್ಲೂ ಉದ್ದ ಹಿಡಿಯ ಕುಡುಗೋಲು ಬೀಸಿ ಕೊಯ್ಯುತ್ತಿದ್ದರು. ಬೆಟ್ಟದ ಮೇಲಿನ ಆ ಹಸಿರು ಬಯಲುಗಳು ಕಾಡು ತಾನಾಗಿ ಬಿಟ್ಟುಕೊಟ್ಟ ಜಾಗ ಅಲ್ಲ. ಮರ ಕಡಿದು, ವರ್ಷವರ್ಷವೂ ಹುಲ್ಲು ಕೊಯ್ದು, ಕುರಿ ಮೇಯಿಸಿ ಉಳಿಸಿಕೊಂಡದ್ದು. ಹತ್ತಿಪ್ಪತ್ತು ವರ್ಷ ಸುಮ್ನೆ ಬಿಟ್ಟರೆ ಪೊದೆ, ಅದರ ಹಿಂದೆಯೇ ಕಾಡು ಬಂದು ನುಂಗುತ್ತದೆ. ಸ್ಲೊವಾಕಿಯಾದ ಎಷ್ಟೋ ಬೆಟ್ಟಗಳಲ್ಲಿ ಈಗ ಅದೇ ಆಗುತ್ತಿದೆ.

ನೀರಿನ ಕತೆ ಬೇರೆ. ವೆಲ್ಕಾ ಫಾತ್ರಾದಲ್ಲಿ ಸುಣ್ಣಕಲ್ಲು ಮತ್ತು ಅದೇ ಜಾತಿಯ ಡಾಲಮೈಟ್ ಕಲ್ಲು ಜಾಸ್ತಿ. ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಬಿರುಕು ಹುಡುಕಿಕೊಂಡು ಒಳಗೆ ಇಳಿದು, ಇನ್ನೆಲ್ಲೋ ಕೆಳಗೆ ಒಸರುತ್ತದೆ. ಹಾಗಾಗಿ ಸುಣ್ಣಕಲ್ಲಿನ ಬೆಟ್ಟದಲ್ಲಿ ಊರು ಎಲ್ಲಿರಬೇಕು ಅನ್ನುವುದನ್ನು ಬಹುಮಟ್ಟಿಗೆ ಒರತೆಯೇ ತೀರ್ಮಾನ ಮಾಡುತ್ತದೆ. ವ್ಲ್ಕೊಲೀನೆಟ್ಸ್ ಬೀದಿಯ ನಡುವೆಯೇ ಒಂದು ಸಣ್ಣ ತೊರೆ ಹರಿಯುತ್ತದೆ. ಊರ ನಡುವೆ 1860ರಲ್ಲಿ ಕಟ್ಟಿದ ಬಾವಿ ಇದೆ, ಅದರ ಕಟ್ಟೆಯೂ ಮರದ ದಿಮ್ಮಿಯದೇ. ಅದಕ್ಕೊಂದು ಪುಟ್ಟ ಮಾಡು.

ಊರಿನ ನಕ್ಷೆ ಸುಲಭ. ಇಳಿಜಾರಿನಲ್ಲಿ ಮೇಲಕ್ಕೆ ಹೋಗುವ ಒಂದೇ ಬೀದಿ, ಎರಡೂ ಕಡೆ ಮನೆ. ನಡುವೆ 1770ರ ಮರದ ಗಂಟೆಗೋಪುರ. ಅಲ್ಲಿಗೆ ಬೀದಿ ಎರಡಾಗುತ್ತದೆ. ಒಂದು 1875ರ ಚರ್ಚಿನ ಕಡೆಗೆ, ಇನ್ನೊಂದು ಕಡಿದಾಗಿ ಸಿದೊರೊವೊ ಬುಡದ ಕಡೆಗೆ. ಇಸವಿಗಳನ್ನು ಗಮನಿಸಿ. ಚರ್ಚಿಗಿಂತ ಗಂಟೆ ನೂರು ವರ್ಷ ಹಳೆಯದು. ಬೆಟ್ಟದೂರಿಗೆ ಗಂಟೆ ಬರೀ ಪ್ರಾರ್ಥನೆಗಲ್ಲ. ಸಾವಿಗೆ ಗಂಟೆ, ಬೆಂಕಿಗೆ ಗಂಟೆ. ಮರದ ಮನೆಗಳು ಇಷ್ಟು ಒತ್ತಾಗಿ ನಿಂತಿರುವಾಗ ಮೊದಲು ಬೇಕಾದದ್ದು ಅದೇ.

ಮನೆಗಳು ಯಾಕೆ ಅಷ್ಟು ಒತ್ತು? ಬೆಟ್ಟದಲ್ಲಿ ಜಾಗಕ್ಕೇನು ಬರ ಅನ್ನಿಸುತ್ತದೆ. ಇಲ್ಲಿ ಬರುತ್ತದೆ ಹಿಸ್ಸೆ. ಹಳೆಯ ಹಂಗೇರಿ ರಾಜ್ಯದ ಈ ಭಾಗದಲ್ಲಿ ಹಳ್ಳಿಯ ಆಸ್ತಿ ಮಕ್ಕಳಿಗೆ ಸಮಪಾಲು. ಯುರೋಪಿನ ಬೇರೆ ಕೆಲವು ಕಡೆ ಇದ್ದ ಹಾಗೆ ಹಿರಿಮಗನಿಗೇ ಎಲ್ಲ ಅನ್ನುವ ಪದ್ಧತಿ ಇರಲಿಲ್ಲ. ಪಾಲು ಮಾಡುವಾಗ ನ್ಯಾಯ ಬೇಕಲ್ಲ? ಕೆಳಗಿನ ಒಳ್ಳೆ ಹೊಲ ಒಬ್ಬನಿಗೆ, ಮೇಲಿನ ಕಲ್ಲುಹೊಲ ಇನ್ನೊಬ್ಬನಿಗೆ ಅಂದರೆ ಜಗಳ. ಹಾಗಾಗಿ ಪ್ರತಿ ಹೊಲವನ್ನೂ ಉದ್ದುದ್ದ ಸೀಳಿ ಎಲ್ಲರಿಗೂ ಎಲ್ಲದರಲ್ಲೂ ಒಂದೊಂದು ಪಟ್ಟಿ. ಮುಂದಿನ ತಲೆಮಾರಿನಲ್ಲಿ ಪಟ್ಟಿಯೂ ಸೀಳು. ಪಹಣಿ ನೋಡಿ ತಲೆ ಕೆರೆದುಕೊಂಡ ಯಾರಿಗಾದರೂ ಇದು ಪರಿಚಯದ ಮಾತೇ. ಇವತ್ತಿಗೂ ಸ್ಲೊವಾಕಿಯಾದಲ್ಲಿ ಒಂದು ತುಂಡು ಜಮೀನಿಗೆ ಹತ್ತಾರು ಜಂಟಿ ಮಾಲೀಕರು ಇರುವುದು ಮಾಮೂಲು. ವ್ಲ್ಕೊಲೀನೆಟ್ಸ್ ಸುತ್ತಲ ಇಳಿಜಾರಿನಲ್ಲಿ ಆ ಕಿರಿದಾದ ಪಟ್ಟಿಗಳ ಗುರುತು ಈಗಲೂ ಕಾಣುತ್ತದೆ, ಬಾಚಣಿಗೆಯಿಂದ ಬಾಚಿದ ಹಾಗೆ.

ಮನೆಯ ನಿವೇಶನಕ್ಕೂ ಅದೇ ಗತಿ. ಬೀದಿಗೆ ಮೋಟು ಮುಖ, ಹಿಂದಕ್ಕೆ ಉದ್ದ. ಹಾಗಾಗಿ ಮನೆ ಬೀದಿಯ ಉದ್ದಕ್ಕೆ ಚಾಚಿ ನಿಂತಿಲ್ಲ, ತನ್ನ ಮೋಟು ಪಕ್ಕವನ್ನು ಬೀದಿಗೆ ಕೊಟ್ಟು ಒಳಕ್ಕೆ ಚಾಚಿಕೊಂಡಿದೆ. ಬೀದಿಯಿಂದ ಕಾಣುವುದು ತ್ರಿಕೋನದ ಚಾವಣಿ ಮುಖ ಮತ್ತು ಒಂದೆರಡು ಕಿಟಕಿ, ಅಷ್ಟೆ. ಬಾಗಿಲು ಪಕ್ಕದ ಅಂಗಳದಲ್ಲಿ. ಒಳಗೆ ಹೋದರೆ ಮೊದಲು ಪಿತ್ವೊರ್. ನಮ್ಮ ಪಡಸಾಲೆಯಂಥ ಜಾಗ ಅನ್ನಬಹುದು, ಆದರೆ ಒಲೆಯೂ ಅಲ್ಲೇ ಇರುತ್ತಿತ್ತು. ಅಲ್ಲಿಂದ ಒಂದು ಪಕ್ಕಕ್ಕೆ, ಬೀದಿಯ ಕಡೆಗೆ, ಇಜ್ಬಾ. ಬೆಚ್ಚಗಿರುವ ಕೋಣೆ ಅದೊಂದೇ. ಊಟ, ನೂಲುವುದು, ಹೆರಿಗೆ, ಹೆಣ ಇಡುವುದು, ಮಲಗುವುದು ಎಲ್ಲ ಅಲ್ಲೇ. ಇನ್ನೊಂದು ಪಕ್ಕಕ್ಕೆ ಕೊಮೊರಾ, ಅಂದರೆ ಉಗ್ರಾಣ. ಅದೇ ಸಾಲಿನಲ್ಲಿ ಹಿಂದೆ ಕೊಟ್ಟಿಗೆ, ಕೊನೆಗೆ ಹುಲ್ಲಿನ ಕಣಜ. ತಮ್ಮನಿಗೆ ಮದುವೆಯಾದರೆ ಅದೇ ಅಂಗಳದಲ್ಲಿ ಹಿಂದುಗಡೆ ಇನ್ನೊಂದು ಮನೆ. ಅಂಗಳಕ್ಕೆ ದಾರಿ ಮಾತ್ರ ಒಂದೇ.

ಗೋಡೆಯನ್ನು ಹತ್ತಿರದಿಂದ ನೋಡಿ. ತಳದಲ್ಲಿ ಕಲ್ಲಿನ ಕಟ್ಟೆ. ಇಳಿಜಾರು ಇರುವುದರಿಂದ ಒಂದು ಕಡೆ ಕಟ್ಟೆ ಮೊಣಕಾಲುದ್ದ ಇದ್ದರೆ ಇನ್ನೊಂದು ಕಡೆ ಆಳೆತ್ತರ ಬೇಕಾಗಬಹುದು. ಆ ಎತ್ತರದ ಕಡೆ ನೆಲಮಾಳಿಗೆ ಮಾಡಿಕೊಂಡರೆ ಆಲೂಗಡ್ಡೆಗೆ ಜಾಗ ಆಯಿತು. ಕಟ್ಟೆಯ ಮೇಲೆ ದಿಮ್ಮಿಗಳನ್ನು ಅಡ್ಡಡ್ಡ ಮಲಗಿಸಿ ಒಂದರ ಮೇಲೊಂದು ಪೇರಿಸುತ್ತಾರೆ. ಮೂಲೆಯಲ್ಲಿ ಎರಡೂ ಕಡೆಯ ದಿಮ್ಮಿಗಳಿಗೆ ಕಚ್ಚು ಕಡಿದು, ಬೆರಳಿಗೆ ಬೆರಳು ಹೆಣೆದ ಹಾಗೆ ಕೂರಿಸುತ್ತಾರೆ. ಗೋಡೆಯ ಭಾರವೇ ಗೋಡೆಯನ್ನು ಬಿಗಿ ಮಾಡುತ್ತದೆ. ಸಂದಿಗೆ ಪಾಚಿ ತುರುಕಿ, ಮೇಲೆ ಮಣ್ಣು ಮೆತ್ತಿ, ಸುಣ್ಣ ಬಳಿದರೆ ಗಾಳಿ ನುಸುಳದು. ಬಿಳಿ, ನೀಲಿ, ತೆಳು ಗುಲಾಬಿ ಬಣ್ಣಗಳೆಲ್ಲ ಈ ಲೇಪದ ಮೇಲಿನವೇ. ಫೋಟೊದಲ್ಲಿ ಸಿಮೆಂಟ್ ಗೋಡೆಯಂತೆ ಕಾಣುವ ಮನೆಯ ಒಳಗಿರುವುದೂ ದಿಮ್ಮಿಯೇ.

ಈಗ ಚರಿತ್ರೆಗೆ ಬರೋಣ. ಊರಿನ ಹೆಸರು ಬರಹದಲ್ಲಿ ಮೊದಲು ಸಿಗುವುದು 1376ರಲ್ಲಿ. ಆಗ ಇದು ಹಂಗೇರಿ ರಾಜ್ಯ. 1918ರವರೆಗೂ ಹಂಗೇರಿಯೇ. ಬೆಟ್ಟದ ಕಾಡಿಗೆ ಜನರನ್ನು ಕರೆಸಿ ಕೂರಿಸುವುದು ಆ ಕಾಲದ ಜಮೀನ್ದಾರರ ದೊಡ್ಡ ಯೋಜನೆ. ಬರುವವರಿಗೆ ಏನು ಆಸೆ ತೋರಿಸುವುದು? ಇಷ್ಟು ವರ್ಷ ಕಂದಾಯ ಇಲ್ಲ, ಕಾಡು ಕಡಿದು ಹೊಲ ಮಾಡಿಕೊಳ್ಳಿ ಅನ್ನುವುದು. ಈ ಕಂದಾಯ ಮಾಫಿ ಇರುವ ಅವಧಿಗೆ ‘ಲೆಹೊತಾ’ ಅನ್ನುತ್ತಿದ್ದರು. ಇವತ್ತಿಗೂ ಸ್ಲೊವಾಕಿಯಾದಲ್ಲಿ ಲೆಹೊತಾ ಅಂತ ಹೆಸರಿನ ಊರುಗಳು ಹತ್ತಾರಿವೆ. ಮಾಫಿ ಮುಗಿದು ಶತಮಾನಗಳೇ ಆದವು, ಹೆಸರು ಮಾತ್ರ ಉಳಿಯಿತು.

14ನೇ ಶತಮಾನದಿಂದ 17ರವರೆಗೆ ಇನ್ನೊಂದು ಅಲೆ ಬಂತು. ಕಾರ್ಪೇಥಿಯನ್ ಬೆಟ್ಟಸಾಲನ್ನೇ ಹಿಡಿದು ಪೂರ್ವದಿಂದ ಕುರಿಗಾಹಿಗಳು ಬಂದರು. ಇವರಿಗೆ ವಲಾಖ್ ಅಂತ ಹೆಸರು. ಉಳುವವನ ಕಂದಾಯ ಬೇರೆ, ಕುರಿಯವನ ಕಂದಾಯ ಬೇರೆ. ಹಾಗಾಗಿ ಇವರಿಗೆ ವಲಾಖ್ ಕಾನೂನು ಅಂತಲೇ ಪ್ರತ್ಯೇಕ ಕಟ್ಟಳೆ ಇತ್ತು. ಬರುತ್ತಾ ಬರುತ್ತಾ ಇವರು ಸ್ಥಳೀಯರ ಜೊತೆ ಬೆರೆತು ಸ್ಲೋವಾಕ್ ಮಾತಾಡತೊಡಗಿದರು. ಆದರೆ ಕಸುಬಿನ ಮಾತುಗಳು ಉಳಿದವು. ಕುರಿದೊಡ್ಡಿಯ ಯಜಮಾನ ‘ಬಾಚಾ’, ಗಿಣ್ಣ ‘ಬ್ರಿಂಜಾ’. ಎರಡಕ್ಕೂ ರೊಮೇನಿಯಾದ ಭಾಷೆಯಲ್ಲಿ ಸೋದರ ಪದಗಳಿವೆ. ಊರಿನಲ್ಲಿ ಉಳುಮೆ ಬಂದ ದಾರಿ ಒಂದು, ಕುರಿ ಬಂದ ದಾರಿ ಇನ್ನೊಂದು ಅಂತ ಅಡುಗೆಮನೆಯ ಮಾತೇ ಹೇಳಿಬಿಡುತ್ತದೆ.

ಜಮೀನ್ದಾರನಿಗೆ ಬರೀ ದುಡ್ಡು, ದವಸ ಕೊಟ್ಟರೆ ಸಾಲದು. ಬಿಟ್ಟಿ ದುಡಿಯಬೇಕು. 1767ರಲ್ಲಿ ರಾಣಿ ಮರಿಯಾ ತೆರೇಸಾ ಇದಕ್ಕೊಂದು ಮಿತಿ ಹಾಕಿದಳು: ಪೂರ್ತಿ ಹಿಡುವಳಿ ಇರುವ ರೈತ ವರ್ಷಕ್ಕೆ 52 ದಿನ ತನ್ನ ಎತ್ತು, ಗಾಡಿ ಸಮೇತ ದುಡಿಯಬೇಕು, ಇಲ್ಲವೇ 104 ದಿನ ಬರಿಗೈಯಲ್ಲಿ. ಮಿತಿಯೇ ಇಷ್ಟು ಅಂದರೆ ಅದಕ್ಕೆ ಮುಂಚೆ ಹೇಗಿತ್ತೋ! ಈ ಬಿಟ್ಟಿ ದುಡಿಮೆಗೆ ‘ರೊಬೊತಾ’ ಅನ್ನುತ್ತಿದ್ದರು. ಈಗಿನ ಸ್ಲೋವಾಕ್‌ನಲ್ಲಿ ರೊಬೊತಾ ಅಂದರೆ ಬರೀ ಕೆಲಸ. 1920ರ ಒಂದು ಚೆಕ್ ನಾಟಕ ಇದರಿಂದಲೇ ‘ರೋಬೋಟ್’ ಎಂಬ ಪದ ಮಾಡಿಕೊಂಡಿತು. ನಮ್ಮ ಮಕ್ಕಳು ಆಡುವ ರೋಬೋಟ್ ಆಟಿಕೆಯ ಹೆಸರಿನ ಹಿಂದೆ ಇಂಥ ಬೆಟ್ಟದ ರೈತರ ಬಿಟ್ಟಿ ಚಾಕರಿ ಇದೆ.

1848ರಲ್ಲಿ ಜೀತ ರದ್ದಾಯಿತು. ಆಮೇಲೆ ಕಾಡು ಯಾರದು ಎಂಬ ಪ್ರಶ್ನೆ ಬಂತು. ಜಮೀನ್ದಾರನ ಕಾಡು, ಹುಲ್ಲುಗಾವಲಿನ ಒಂದು ಪಾಲನ್ನು ಹಳೆಯ ರೈತ ಕುಟುಂಬಗಳಿಗೆ ಒಟ್ಟಾಗಿ ಕೊಟ್ಟರು. ಇದನ್ನು ಸೀಳುವಂತಿಲ್ಲ. ಹೊಲದ ಹಾಗೆ ಪಟ್ಟಿ ಮಾಡಿಕೊಳ್ಳುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಅದರಲ್ಲಿ ಲೆಕ್ಕದ ಪಾಲು ಮಾತ್ರ. ಇದೇ ಉರ್ಬಾರ್ ಪದ್ಧತಿ. 1958ರಲ್ಲಿ ಕಮ್ಯುನಿಸ್ಟ್ ಸರ್ಕಾರ ಈ ಕಾಡುಗಳನ್ನು ಕಿತ್ತುಕೊಂಡಿತು, 1991ರ ಕಾನೂನು ವಾಪಸ್ಸು ಕೊಡತೊಡಗಿತು. ಇವತ್ತು ಸ್ಲೊವಾಕಿಯಾದ ಎಷ್ಟೋ ಬೆಟ್ಟದೂರುಗಳ ಕಾಡು ಈ ಉರ್ಬಾರ್ ಸಂಘಗಳ ಕೈಯಲ್ಲಿದೆ. ಹೊಲ ಚೂರುಚೂರಾದ ಸೀಮೆಯಲ್ಲೇ ಕಾಡು ಒಂದಾಗಿ ಉಳಿದಿದ್ದು ಹೇಗೆ ಅಂತ ಕೇಳಿದರೆ ಕಾರಣ ಇದು.

ಜೀತ ಹೋದರೂ ಹೊಟ್ಟೆ ತುಂಬಲಿಲ್ಲ. ಲಿಪ್ತೊವ್ ಗಂಡಸರು ಗಾರೆ ಕೆಲಸಕ್ಕೆ ಬುಡಾಪೆಸ್ಟ್‌ಗೆ ಹೋದರು. ಮೊದಲ ಮಹಾಯುದ್ಧಕ್ಕೆ ಮುಂಚೆ ಲಕ್ಷಾಂತರ ಸ್ಲೋವಾಕರು ಅಮೆರಿಕದ ಗಣಿ, ಉಕ್ಕಿನ ಕಾರ್ಖಾನೆಗಳಿಗೆ ಹೋದರು. ಊರಿನಲ್ಲಿ ಉಳಿದವರಿಗೆ ಬೇರೆ ಸಂಕಟ. ಶಾಲೆಯಲ್ಲಿ, ಕಚೇರಿಯಲ್ಲಿ ಹಂಗೇರಿಯನ್ ಭಾಷೆಯೇ ನಡೆಯಬೇಕು ಎಂಬ ಒತ್ತಡ. ರುಜೊಂಬೆರೊಕ್‌ನ ಪಕ್ಕದ ಚೆರ್ನೊವಾ ಎಂಬ ಹಳ್ಳಿಯಲ್ಲಿ ಜನ ತಮ್ಮ ದುಡ್ಡಿನಲ್ಲಿ ಚರ್ಚ್ ಕಟ್ಟಿದರು. ತಮ್ಮ ಊರಿನವನೇ ಆದ ಪಾದ್ರಿ ಆಂದ್ರೆಯ್ ಹ್ಲಿಂಕಾ ಬಂದು ಅದನ್ನು ಆಶೀರ್ವದಿಸಬೇಕು ಅಂತ ಹಟ ಹಿಡಿದರು. ಮೇಲಿನವರು ಬೇರೆ ಪಾದ್ರಿಗಳನ್ನು ಕಳಿಸಿದರು. ಜನ ಗಾಡಿ ತಡೆದರು. 1907ರ ಅಕ್ಟೋಬರ್ 27ರಂದು ಪೊಲೀಸರು ಗುಂಡು ಹಾರಿಸಿದರು, 15 ಜನ ಸತ್ತರು. ಸುದ್ದಿ ಯುರೋಪಿನ ಪತ್ರಿಕೆಗಳಲ್ಲೆಲ್ಲ ಬಂತು. ಸ್ಲೋವಾಕರು ಅಂತ ಒಂದು ಜನ ಇದ್ದಾರೆ ಎಂದು ಎಷ್ಟೋ ಕಡೆ ಗೊತ್ತಾಗಿದ್ದೇ ಈ ಸಾವುಗಳಿಂದ.

ಆಮೇಲಿನ ರಾಜಕೀಯ ಬೇಗ ಹೇಳಿಬಿಡಬಹುದು. 1918ರಲ್ಲಿ ಚೆಕೊಸ್ಲೊವಾಕಿಯಾ, 1939ರಲ್ಲಿ ಜರ್ಮನಿಯ ನೆರಳಿನಲ್ಲಿ ಬೇರೆ ಸ್ಲೋವಾಕ್ ರಾಜ್ಯ, 1945ರಲ್ಲಿ ಮತ್ತೆ ಚೆಕೊಸ್ಲೊವಾಕಿಯಾ, 1948ರಲ್ಲಿ ಕಮ್ಯುನಿಸ್ಟರು, 1993ರ ಜನವರಿ 1ರಂದು ಸ್ಲೊವಾಕಿಯಾ. ನಿಂತು ನೋಡಬೇಕಾದ ವರ್ಷ 1944. ಆ ಆಗಸ್ಟ್ 29ರಂದು ನಾಜಿಗಳ ವಿರುದ್ಧ ದಂಗೆ ಎದ್ದಿತು. ಅದರ ಕೇಂದ್ರ ಬಾನ್ಸ್ಕಾ ಬಿಸ್ತ್ರಿತ್ಸಾ, ವೆಲ್ಕಾ ಫಾತ್ರಾದ ದಕ್ಷಿಣಕ್ಕೆ. ಅಕ್ಟೋಬರ್ ಕೊನೆಗೆ ಜರ್ಮನರು ಆ ಪೇಟೆ ಹಿಡಿದಾಗ ದಂಗೆಕೋರರು ಬೆಟ್ಟ ಸೇರಿದರು. ಬೆಟ್ಟ ಸೇರಿದವರಿಗೆ ಅನ್ನ ಕೊಟ್ಟ ಹಳ್ಳಿಗಳ ಮೇಲೆ ಜರ್ಮನರ ಕಣ್ಣು ಬಿತ್ತು. ವ್ಲ್ಕೊಲೀನೆಟ್ಸ್‌ನ ಒಂದು ಭಾಗವನ್ನೂ ಆ ವರ್ಷ ಸುಟ್ಟರು. ಸುಟ್ಟ ಮನೆಗಳಲ್ಲಿ ಎಷ್ಟೋ ಮತ್ತೆ ಏಳಲೇ ಇಲ್ಲ. ಈಗ ನಾವು ‘ಪೂರ್ತಿ ಉಳಿದ ಊರು’ ಅನ್ನುವುದು ಉಳಿದ ಭಾಗಕ್ಕೆ.

ಉಳಿದದ್ದಾದರೂ ಹೇಗೆ ಉಳಿಯಿತು? ಯಾರೋ ಪ್ರೀತಿಯಿಂದ ಕಾಪಾಡಿದರು ಅಂತ ಹೇಳಲು ನನಗೆ ಮನಸ್ಸಿಲ್ಲ. ಕಮ್ಯುನಿಸ್ಟ್ ಕಾಲದಲ್ಲಿ ಬಯಲಿನ ಹಳ್ಳಿಗಳ ಜನಕ್ಕೆ ಕೈಯಲ್ಲಿ ನಾಲ್ಕು ಕಾಸು ಬಂತು. ಅವರು ದಿಮ್ಮಿ ಮನೆ ಕೆಡವಿ ಇಟ್ಟಿಗೆಯ ಚೌಕ ಮನೆ ಕಟ್ಟಿಕೊಂಡರು. ಬಚ್ಚಲು ಮನೆ, ನಲ್ಲಿ, ದೊಡ್ಡ ಕಿಟಕಿ ಯಾರಿಗೆ ಬೇಡ? ವ್ಲ್ಕೊಲೀನೆಟ್ಸ್‌ನ ಯುವಕರಿಗೆ ಕೆಲಸ ಇದ್ದದ್ದು ಕೆಳಗೆ, ರುಜೊಂಬೆರೊಕ್‌ನ ಬಟ್ಟೆ, ಕಾಗದದ ಕಾರ್ಖಾನೆಗಳಲ್ಲಿ. ದಿನಾ ಹತ್ತಿ ಇಳಿಯುವ ಬದಲು ಅವರು ಇಳಿದು ಅಲ್ಲೇ ನಿಂತರು. ಮೇಲಿನ ಮನೆಯಲ್ಲಿ ಅಜ್ಜ ಅಜ್ಜಿ ಉಳಿದರು, ಮನೆ ಇದ್ದ ಹಾಗೇ ಉಳಿಯಿತು. ಕೆಡವುವುದಕ್ಕೂ ದುಡ್ಡು ಬೇಕು, ವಯಸ್ಸು ಬೇಕು. 1977ರಲ್ಲಿ ಸರ್ಕಾರ ಇದನ್ನು ಜನಪದ ವಾಸ್ತುವಿನ ರಕ್ಷಿತ ಊರು ಅಂತ ಘೋಷಿಸುವ ಹೊತ್ತಿಗೆ ಜನ ಆಗಲೇ ಖಾಲಿಯಾಗುತ್ತಿದ್ದರು. 1993ರಲ್ಲಿ, ಅಂದರೆ ದೇಶ ಹುಟ್ಟಿದ ವರ್ಷವೇ, ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಲೆಕ್ಕದಲ್ಲಿ ಇಲ್ಲಿ 45 ಕಟ್ಟಡಗಳಿವೆ. ಕಾಯಂ ವಾಸ ಇರುವ ಜನ ಇಪ್ಪತ್ತನ್ನೂ ದಾಟುವುದಿಲ್ಲ. ಬಹಳ ಮನೆಗಳಿಗೆ ಒಡೆಯರು ಬರುವುದು ವಾರದ ಕೊನೆಗೆ, ರಜೆಗೆ.

ಊರು ಹೊಗಲು ಈಗ ಟಿಕೆಟ್ ಇದೆ. ಟಿಕೆಟ್ ಕೊಂಡವರಿಗೆ ಇದು ಮ್ಯೂಸಿಯಂ ಅನ್ನಿಸುವುದು ಸಹಜ. ಇಲ್ಲಿ ಒಂದೇ ಒಂದು ಮನೆ ಮ್ಯೂಸಿಯಂ, ಉಳಿದವು ಯಾರದೋ ಮನೆಗಳು ಅನ್ನುವುದು ಬೇಗ ಮರೆತುಹೋಗುತ್ತದೆ. ಕಿಟಕಿಗೆ ಮುಖ ಹಚ್ಚಿ ಒಳಗೆ ಇಣುಕುವವರ ಬಗ್ಗೆ ಊರಿನವರ ಸಿಟ್ಟು ನ್ಯಾಯವಾದದ್ದೇ. ಒಳಗೆ ಯಾರೋ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತಿರುತ್ತಾರೆ, ಅಷ್ಟೆ.

ಇನ್ನು ಆ ಬೂದಿ ಬಣ್ಣದ ಚಾವಣಿ. ಹೆಂಚಿನ ಬದಲು ಇಲ್ಲಿ ಮರದ ಸೀಳು ಹಲಗೆ, ಸ್ಲೋವಾಕ್‌ನಲ್ಲಿ ಶಿಂದೆಲ್. ಸಾಂಪ್ರದಾಯಿಕ ಶಿಂದೆಲ್ ಅನ್ನು ಗರಗಸದಿಂದ ಕೊಯ್ಯುವುದಿಲ್ಲ. ಮರದ ತುಂಡನ್ನು ಅದರ ನಾರು ಹೋದ ಕಡೆಗೇ ಸೀಳುತ್ತಾರೆ. ಗರಗಸ ನಾರನ್ನು ಕತ್ತರಿಸಿಬಿಡುತ್ತದೆ, ಕತ್ತರಿಸಿದ ಕಡೆ ನೀರು ಒಳಗೆ ಇಳಿಯುತ್ತದೆ. ಸೀಳಿದರೆ ನಾರು ಪೂರ್ತಿ ಇರುತ್ತದೆ, ನೀರು ಅದರ ಮೇಲೇ ಜಾರಿ ಹೋಗುತ್ತದೆ. ಪ್ರತಿ ಹಲಗೆಯ ಒಂದು ಅಂಚನ್ನು ಕತ್ತಿಯ ಬಾಯಿಯಂತೆ ತೆಳು ಮಾಡಿ, ಇನ್ನೊಂದು ಅಂಚಿಗೆ ಉದ್ದಕ್ಕೆ ಕೊರಕಲು ತೋಡುತ್ತಾರೆ. ಒಂದರ ತೆಳು ಅಂಚು ಪಕ್ಕದ್ದರ ಕೊರಕಲಿನೊಳಗೆ ಕೂರುತ್ತದೆ. ಇಷ್ಟು ಮಾಡಿದರೂ ಮರ ಮರವೇ. ಕೆಲವು ದಶಕಕ್ಕೊಮ್ಮೆ ಬದಲಿಸಲೇಬೇಕು. ಹೊಸ ಹಲಗೆ ಜೇನಿನ ಬಣ್ಣ, ಒಂದೆರಡು ಚಳಿಗಾಲ ಕಳೆದರೆ ಬೂದಿ ಬಣ್ಣ. ಮುಂದಿನ ಸಲ ಈ ಊರಿನ ಫೋಟೊ ಸಿಕ್ಕಿದರೆ ಚಾವಣಿಗಳನ್ನು ನೋಡಿ. ಎಲ್ಲೋ ಒಂದು ಕಡೆ ಜೇನಿನ ಬಣ್ಣ ಕಂಡರೆ, ಫೋಟೊ ತೆಗೆಯುವ ಸ್ವಲ್ಪ ಮುಂಚೆ ಯಾರೋ ಅಲ್ಲಿ ಏಣಿ ಹಾಕಿಕೊಂಡು ಕೂತಿದ್ದರು ಅಂತ ಲೆಕ್ಕ.